ಚೀಟಿ ಸಿಗದವರ ಪಟ್ಟಿ

ಶಿಕಾಗೋ ವಿಶ್ವವಿದ್ಯಾನಿಲಯ ಎಂದರೆ ನಮ್ಮ ಕನ್ನಡ ಕೂಟದ ಹಿರಿಯರಿಗೆ ಇವತ್ತಿಗೂ ಎ. ಕೆ. ರಾಮಾನುಜನ್ ಅವರೇ ನೆನಪಾಗುವುದು. ಮೈಸೂರಿನಲ್ಲಿ ಹುಟ್ಟಿದ ಅವರು ಅರವತ್ತರ ದಶಕದ ಆರಂಭದಿಂದ 1993ರಲ್ಲಿ ತೀರಿಕೊಳ್ಳುವವರೆಗೂ ಪಾಠ ಹೇಳಿದ್ದು ಹೈಡ್ ಪಾರ್ಕಿನ ಆ ಬೂದುಕಲ್ಲಿನ ಕಟ್ಟಡಗಳಲ್ಲಿ. ಊರಿನಿಂದ ನೆಂಟರು ಬಂದಾಗ ಅವರನ್ನು ಅಲ್ಲಿಗೆ ಕರೆದೊಯ್ಯುತ್ತೇವೆ, ಮಿಡ್‌ವೇ ಎಂಬ ಉದ್ದನೆಯ ಹುಲ್ಲುಹಾಸಿನ ತನಕ ನಡೆಸುತ್ತೇವೆ, ಅಲ್ಲಿಂದ ಕಾರಿನ ಕಡೆ ತಿರುಗುತ್ತೇವೆ. ಹುಲ್ಲುಹಾಸನ್ನು ದಾಟಿ ದಕ್ಷಿಣಕ್ಕೆ ಹೋದದ್ದು ನಮ್ಮಲ್ಲಿ ಕಡಿಮೆ ಜನ.

2007ರ ನವೆಂಬರ್ 19ರಂದು, ನಡುರಾತ್ರಿ ಕಳೆದ ಮೇಲೆ, ಆ ದಕ್ಷಿಣದ ಬದಿಯಲ್ಲಿ, 61ನೇ ಬೀದಿಯ ಹತ್ತಿರ, ಸೆನೆಗಲ್ ದೇಶದಿಂದ ಬಂದಿದ್ದ ರಸಾಯನಶಾಸ್ತ್ರದ ವಿದ್ಯಾರ್ಥಿಯೊಬ್ಬ ಗುಂಡೇಟಿಗೆ ಬಲಿಯಾದ. ಅವನ ಡಾಕ್ಟರೇಟ್ ಪ್ರಬಂಧದ ಮೌಖಿಕ ಪರೀಕ್ಷೆ ಮುಗಿದಿತ್ತು. ಪದವಿ ಪ್ರದಾನಕ್ಕೆ ಕೆಲವೇ ವಾರ ಉಳಿದಿತ್ತು. ದೂರದೇಶದಿಂದ ಓದಲು ಬಂದ ಮಗನ ಸುದ್ದಿ ಹೀಗೆ ಮನೆ ತಲುಪುವುದೆಂದರೇನು ಎಂದು ನಮ್ಮಂಥವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮರುವರ್ಷ, 2008ರಲ್ಲಿ, ವಿಶ್ವವಿದ್ಯಾನಿಲಯದಲ್ಲಿ ‘ಕ್ರೈಮ್ ಲ್ಯಾಬ್’ ಹುಟ್ಟಿಕೊಂಡಿತು. ಅರ್ಥಶಾಸ್ತ್ರಜ್ಞ ಜೆನ್ಸ್ ಲುಡ್ವಿಗ್, ಸಾರ್ವಜನಿಕ ಆರೋಗ್ಯ ನೀತಿಯ ಹೆರಾಲ್ಡ್ ಪೊಲಾಕ್, ಕಾರ್ಯನಿರ್ವಾಹಕ ನಿರ್ದೇಶಕಿಯಾಗಿ ರೋಸಾನಾ ಆಂಡರ್ ಮೊದಲ ಸಾಲಿನಲ್ಲಿದ್ದರು. ಹೆಸರು ಲ್ಯಾಬ್ ಆದರೂ ಅಲ್ಲಿ ರಕ್ತದ ಮಾದರಿ, ಬೆರಳಚ್ಚುಗಳನ್ನು ಪರೀಕ್ಷಿಸುವ ಕೆಲಸವಿಲ್ಲ. ಹೊಸ ಔಷಧಿಯನ್ನು ಕೆಲವರಿಗೆ ಕೊಟ್ಟು, ಕೆಲವರಿಗೆ ಕೊಡದೆ, ಎರಡೂ ಗುಂಪನ್ನು ಹೋಲಿಸುತ್ತಾರಲ್ಲ, ಅದೇ ಕಟ್ಟುನಿಟ್ಟಿನಲ್ಲಿ ಹಿಂಸೆ ತಡೆಯುವ ಕಾರ್ಯಕ್ರಮಗಳನ್ನು ಬೀದಿಯಲ್ಲೇ ಪರೀಕ್ಷೆಗೆ ಒಡ್ಡುವುದು ಅದರ ಸಂಕಲ್ಪ.

ನಾನು ಆ ಸಂಸ್ಥೆಯವಳಲ್ಲ. ಬೇರೊಂದು ವಿಶ್ವವಿದ್ಯಾನಿಲಯದಲ್ಲಿ ಬಹಳ ವರ್ಷ ಸಂಶೋಧನಾ ಯೋಜನೆಗಳ ವ್ಯವಸ್ಥಾಪಕಿಯಾಗಿದ್ದು ನಿವೃತ್ತಳಾದವಳು. ಅನುದಾನದ ಅರ್ಜಿ, ಸಂಬಳದ ಪಟ್ಟಿ, ಒಪ್ಪಿಗೆ ಪತ್ರ, ವರದಿಯ ಗಡುವು, ಇವೇ ನನ್ನ ದಿನಚರಿಯಾಗಿದ್ದವು. ಈ ಊರಿನ ಸಂಸ್ಥೆಯೊಂದರ ಚರಿತ್ರೆ ಬರೆದುಕೊಡಿ ಎಂದು ಕೂಟದ ಸಂಚಿಕೆಯ ಸಂಪಾದಕರು ಕೇಳಿದಾಗ ಕ್ರೈಮ್ ಲ್ಯಾಬ್ ಮತ್ತು ಅದರ ನೆರೆಹೊರೆಯನ್ನೇ ಆರಿಸಿಕೊಂಡೆ. ಈ ಸಂಶೋಧನೆಗಳ ಕಥೆ ಪತ್ರಿಕೆಗಳಲ್ಲಿ ಬರುವಾಗ ಪ್ರಾಧ್ಯಾಪಕರ ಹೆಸರು, ಕೊನೆಯಲ್ಲಿ ಸಿಕ್ಕ ಶೇಕಡಾವಾರು, ಇಷ್ಟೇ ಉಳಿಯುತ್ತದೆ. ಆ ಶೇಕಡಾವಾರು ನಂಬಿಕೆಗೆ ಅರ್ಹವಾಗುವಂತೆ ವರ್ಷಗಟ್ಟಲೆ ಪಟ್ಟಿ ಕಾದವರು ಕಾಣಿಸುವುದಿಲ್ಲ. ಪಟ್ಟಿಗಳಲ್ಲಿ ಕಾಯಲು ಎಲ್ಲಕ್ಕಿಂತ ಕಷ್ಟವಾದದ್ದು ಏನೂ ಸಿಗದವರ ಪಟ್ಟಿ ಎಂಬುದು ನನ್ನ ಅನುಭವ.

ಮೊದಲು ದುಡ್ಡಿನ ಮಾತು. ಈ ಕ್ಷೇತ್ರ ಏಕೆ ಇಷ್ಟು ತಡವಾಗಿ ಬೆಳೆಯಿತು ಎಂಬುದು ಅದಿಲ್ಲದೆ ಅರ್ಥವಾಗದು. 1993ರಲ್ಲಿ ವೈದ್ಯ ಆರ್ಥರ್ ಕೆಲರ್ಮನ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಮನೆಯಲ್ಲಿ ಬಂದೂಕು ಇದ್ದರೆ ಆ ಮನೆಯಲ್ಲೇ ಕೊಲೆ ನಡೆಯುವ ಅಪಾಯ ಸುಮಾರು 2.7 ಪಟ್ಟು ಹೆಚ್ಚು ಎಂದು ಅದು ಹೇಳಿತು. ಹಣ ಕೊಟ್ಟದ್ದು ಅಟ್ಲಾಂಟಾದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ. ಬಂದೂಕು ಮಾಲೀಕರ ಸಂಘಟನೆಗಳು ಸಿಡಿಸಿಯ ಮೇಲೆ ಮುಗಿಬಿದ್ದವು. 1996ರಲ್ಲಿ ಆರ್ಕನ್ಸಾ ರಾಜ್ಯದ ಸಂಸದ ಜೇ ಡಿಕಿ ತಂದ ತಿದ್ದುಪಡಿ ಬಂದೂಕು ನಿಯಂತ್ರಣವನ್ನು ಪ್ರತಿಪಾದಿಸಲು ಸಿಡಿಸಿಯ ಗಾಯ ತಡೆ ವಿಭಾಗದ ಹಣ ಬಳಸಕೂಡದು ಎಂದಿತು. ಸಂಶೋಧನೆಯನ್ನೇ ನಿಲ್ಲಿಸಿ ಎಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಆದರೆ ಅದರ ಜೊತೆಗೇ ಆ ವಿಭಾಗದ ಆಯವ್ಯಯದಿಂದ 26 ಲಕ್ಷ ಡಾಲರ್ ಕಡಿತವಾಯಿತು. ಬಂದೂಕಿನ ಗಾಯಗಳ ಅಧ್ಯಯನಕ್ಕೆ ಹಿಂದಿನ ವರ್ಷ ಸಿಡಿಸಿ ಖರ್ಚು ಮಾಡಿದ್ದ ಮೊತ್ತವೂ ಅಷ್ಟೇ. ಅಧಿಕಾರಿಗಳಿಗೆ ಸಂದೇಶ ಮುಟ್ಟಿತು. ಕಾನೂನು ಬೇಡ ಎನ್ನದಿದ್ದದ್ದನ್ನು ಕಚೇರಿಗಳು ತಾವಾಗಿಯೇ ಬೇಡವೆಂದವು. ಅರ್ಜಿಯ ಶೀರ್ಷಿಕೆಯಲ್ಲಿ ‘ಬಂದೂಕು’ ಪದವಿದ್ದರೆ ಬದಲಿಸಿಬಿಡಿ ಎಂದು ಹಿರಿಯರು ಕಿರಿಯರಿಗೆ ಬುದ್ಧಿ ಹೇಳುವ ಕಾಲ ಬಂತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಅದು ಹಾಗೆಯೇ ನಡೆಯಿತು. ಒಂದು ತಲೆಮಾರಿನ ಸಂಶೋಧಕರು ಈ ವಿಷಯ ಬಿಟ್ಟು ಬೇರೆ ಕಡೆ ಹೋದರು. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ತುರ್ತು ಚಿಕಿತ್ಸಾ ವೈದ್ಯ ಗ್ಯಾರನ್ ವಿಂಟೆಮ್ಯೂಟ್ ಅವರು ತಮ್ಮ ಸ್ವಂತದ ಹತ್ತು ಲಕ್ಷಕ್ಕೂ ಮಿಕ್ಕ ಡಾಲರ್ ಸುರಿದು ಅಧ್ಯಯನವನ್ನು ಜೀವಂತವಾಗಿಟ್ಟರು. ಅಂಥವರು ಬೆರಳೆಣಿಕೆ.

ಇದರಲ್ಲಿ ನನ್ನನ್ನು ಪ್ರತಿ ಸಲವೂ ಕಲಕುವ ಒಂದು ಸಂಗತಿಯಿದೆ. ತಿದ್ದುಪಡಿ ತಂದ ಡಿಕಿ ಅವರೂ, ಅದರ ಏಟು ತಿಂದ ಸಿಡಿಸಿ ವಿಭಾಗದ ಮುಖ್ಯಸ್ಥ ಮಾರ್ಕ್ ರೋಸೆನ್‌ಬರ್ಗ್ ಅವರೂ ಕಾಲಾನಂತರ ಗೆಳೆಯರಾದರು. 2012ರಲ್ಲಿ ಇಬ್ಬರೂ ಕೂಡಿ ಪತ್ರಿಕೆಯಲ್ಲಿ ಲೇಖನ ಬರೆದು, ಈ ಸಂಶೋಧನೆ ನಡೆಯಲೇಬೇಕು ಎಂದರು. ತಾನು ತಂದ ಕಾನೂನಿನ ಫಲವನ್ನು ಕಣ್ಣಾರೆ ಕಂಡು, ತಪ್ಪಾಯಿತು ಎಂದು ಬಹಿರಂಗವಾಗಿ ಹೇಳುವ ರಾಜಕಾರಣಿ ಎಷ್ಟು ಮಂದಿ ಸಿಕ್ಕಾರು? ಡಿಕಿ 2017ರಲ್ಲಿ ತೀರಿಕೊಂಡರು. ಸಂಸತ್ತು ಮತ್ತೆ ಹಣ ಮಂಜೂರು ಮಾಡಿದ್ದು 2019ರ ಡಿಸೆಂಬರಿನಲ್ಲಿ. ಸಿಡಿಸಿಗೂ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೂ ಸೇರಿ ಎರಡೂವರೆ ಕೋಟಿ ಡಾಲರ್.

ಕ್ರೈಮ್ ಲ್ಯಾಬ್ ಹುಟ್ಟಿದ್ದು ಈ ಬರಗಾಲದ ನಡುವೆ. ಹಾಗಾಗಿ ಅದು ಮೊದಲಿನಿಂದಲೂ ಖಾಸಗಿ ದತ್ತಿಗಳು, ನಗರಾಡಳಿತ, ಸಿಕ್ಕಷ್ಟು ಸರ್ಕಾರಿ ಅನುದಾನ ಎಲ್ಲವನ್ನೂ ಹೊಂದಿಸಿಕೊಂಡು ನಡೆಯಬೇಕಾಯಿತು. ಹೊರಗಿನವರಿಗೆ ಇದು ಬರಿಯ ಲೆಕ್ಕಪತ್ರದ ವಿಷಯ. ಒಳಗಿದ್ದವರಿಗೆ ಗೊತ್ತು: ಒಂದೊಂದು ದತ್ತಿಯ ವರ್ಷ ಒಂದೊಂದು ತಿಂಗಳಲ್ಲಿ ಮುಗಿಯುತ್ತದೆ, ಒಂದೊಂದು ವರದಿಯ ನಮೂನೆ ಬೇರೆ, ವಿಶ್ವವಿದ್ಯಾನಿಲಯ ಕಟ್ಟಡ, ಕರೆಂಟು, ಕಚೇರಿ ಖರ್ಚೆಂದು ಕತ್ತರಿಸಿಕೊಳ್ಳುವ ಓವರ್‌ಹೆಡ್ ಕೆಲವರು ಕೊಡುತ್ತಾರೆ, ಕೆಲವರು ಕೊಡುವುದಿಲ್ಲ. ಬೀದಿಯಲ್ಲಿ ಕೆಲಸ ಮಾಡುವ ಸಣ್ಣ ಸಂಸ್ಥೆಗಳಿಗೆ ದುಡ್ಡು ಹೋಗುವುದು ಎಲ್ಲರಿಗಿಂತ ಕೊನೆಗೆ. ಬಿಲ್ಲು ಕೊಟ್ಟು ತಿಂಗಳುಗಟ್ಟಲೆ ಕಾಯುವ ಶಕ್ತಿ ಅವುಗಳಿಗಿಲ್ಲ. ದೊಡ್ಡ ಸಂಸ್ಥೆಯ ಒಂದು ಸಹಿ ತಡವಾದರೆ ಅತ್ತ ಒಬ್ಬ ಕಾರ್ಯಕರ್ತನ ಮನೆ ಬಾಡಿಗೆ ನಿಲ್ಲುತ್ತದೆ. ನಾನಿದ್ದ ಕಡೆ ಹಾಗೆ ಆಗಿತ್ತು. ಆ ಫೋನು ಕರೆಯನ್ನು ಎತ್ತಿಕೊಂಡದ್ದು ನಾನೇ, ಉತ್ತರವಿಲ್ಲದೆ ಕೂತದ್ದೂ ನಾನೇ.

ಆದರೆ ಈ ಊರಿನ ಮೊದಲ ಪ್ರಯತ್ನ ಕ್ರೈಮ್ ಲ್ಯಾಬಿನದಲ್ಲ. ಪಡುವಣ ಭಾಗದಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದ ಶಿಕಾಗೋ ಶಾಖೆಯಿದೆ. ಅದರ ಸಾರ್ವಜನಿಕ ಆರೋಗ್ಯ ಶಾಲೆಗೆ 1995ರಲ್ಲಿ ಗ್ಯಾರಿ ಸ್ಲಟ್ಕಿನ್ ಬಂದರು. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಕ್ಷಯ, ಸೊಮಾಲಿಯಾದ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ, ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಏಡ್ಸ್ ಜೊತೆ ಹೋರಾಡಿ ಮನೆಗೆ ಮರಳಿದ್ದ ವೈದ್ಯ. ಗುಂಡಿನ ದಾಳಿಗಳ ನಕ್ಷೆ ನೋಡಿದಾಗ ಅವರಿಗೆ ಅದು ಸಾಂಕ್ರಾಮಿಕ ರೋಗದ ನಕ್ಷೆಯಂತೆ ಕಂಡಿತು. ಒಂದು ಕಡೆ ಬಿದ್ದ ಗುಂಡು ಸೇಡಾಗಿ ಇನ್ನೊಂದು ಕಡೆಗೆ ಅಂಟುತ್ತದೆ. ಅಂಟುವ ಮೊದಲೇ ನಡುವೆ ನಿಲ್ಲುವವರು ಬೇಕು. 2000ರಲ್ಲಿ ವೆಸ್ಟ್ ಗಾರ್‌ಫೀಲ್ಡ್ ಪಾರ್ಕ್ ಎಂಬ ಬಡಾವಣೆಯಲ್ಲಿ ‘ಸೀಸ್‌ಫೈರ್’ ಶುರುವಾಯಿತು. 2004ರಲ್ಲಿ ‘ಇಂಟರಪ್ಟರ್’ಗಳು ಬಂದರು. ಜಗಳದ ವಾಸನೆ ಬಂದೊಡನೆ ಓಡಿಹೋಗಿ ಇಬ್ಬರ ನಡುವೆ ನಿಂತು ಮಾತಾಡಿಸುವವರು. ಅವರಲ್ಲಿ ಬಹುಮಂದಿ ಸ್ವತಃ ಗ್ಯಾಂಗುಗಳಲ್ಲಿದ್ದು ಜೈಲು ಕಂಡವರು. ಬೀದಿ ಅವರ ಮಾತು ಕೇಳುವುದು ಅದೇ ಕಾರಣಕ್ಕೆ.

ವ್ಯವಸ್ಥಾಪಕಿಯ ಕಣ್ಣಿನಿಂದ ಇದನ್ನು ನೋಡಿ. ಸೆರೆಮನೆಯಿಂದ ಬಂದವರು ವಿಶ್ವವಿದ್ಯಾನಿಲಯದ ಯೋಜನೆಯ ಸಂಬಳದ ಪಟ್ಟಿಗೆ ಸೇರಬೇಕು. ಹಿನ್ನೆಲೆ ಪರಿಶೀಲನೆಯ ನಮೂನೆಯಲ್ಲಿ ಯಾವುದು ಅನರ್ಹತೆಯೋ ಇಲ್ಲಿ ಅದೇ ಅರ್ಹತೆ. ಅವರ ಕೆಲಸದ ಹೊತ್ತು ರಾತ್ರಿ, ಕೆಲಸದ ಜಾಗ ಆಸ್ಪತ್ರೆಯ ಹೊರಬಾಗಿಲು, ಪೆಟ್ರೋಲ್ ಬಂಕ್, ಸಾವಿನ ಮನೆ. ಯಾರೊಂದಿಗೆ ಏನು ಮಾತಾಡಿದೆ ಎಂದು ಬರೆದಿಡಬೇಕು, ಇಲ್ಲದಿದ್ದರೆ ಕೆಲಸ ನಡೆದದ್ದಕ್ಕೆ ಸಾಕ್ಷಿಯಿಲ್ಲ. ಹೆಚ್ಚು ಬರೆದಿಟ್ಟರೆ ಅದೇ ಕಾಗದ ಒಬ್ಬನನ್ನು ನ್ಯಾಯಾಲಯಕ್ಕೆ ಎಳೆದೀತು. ಪೊಲೀಸರಿಗೆ ಸುದ್ದಿ ಮುಟ್ಟಿಸುವವನು ಎಂಬ ಅನುಮಾನ ಒಮ್ಮೆ ಹತ್ತಿತೋ, ಅವನ ಬೀದಿಯ ಬದುಕು ಅಲ್ಲಿಗೆ ಮುಗಿಯಿತು. 2011ರಲ್ಲಿ ಸ್ಟೀವ್ ಜೇಮ್ಸ್ ನಿರ್ದೇಶಿಸಿದ ‘ದಿ ಇಂಟರಪ್ಟರ್ಸ್’ ಸಾಕ್ಷ್ಯಚಿತ್ರದಲ್ಲಿ ಇವರ ಸಭೆಗಳನ್ನು ಕಾಣಬಹುದು. ದೊಡ್ಡ ಮೇಜಿನ ಸುತ್ತ ಕೂತು, ಆ ವಾರ ಎಲ್ಲಿ ಏನು ಕುದಿಯುತ್ತಿದೆ ಎಂದು ಒಬ್ಬೊಬ್ಬರೇ ಹೇಳುತ್ತಾರೆ. ಯೋಜನೆಗಳ ಎಷ್ಟೋ ಸಭೆಗಳಲ್ಲಿ ಕೂತಿದ್ದೇನೆ. ಹಾಗೆ ಪ್ರಾಣವನ್ನೇ ಮೇಜಿನ ಮೇಲಿಟ್ಟುಕೊಂಡು ಮಾತಾಡುವ ಸಭೆಯನ್ನು ಮತ್ತೆಲ್ಲೂ ಕಾಣಲಿಲ್ಲ.

ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ವೆಸ್ಲಿ ಸ್ಕೋಗನ್ ಅವರು ಸೀಸ್‌ಫೈರ್‌ನ ಹೊರಗಿನ ಮೌಲ್ಯಮಾಪನ ನಡೆಸಿದರು. ಅವರು ಪರಿಶೀಲಿಸಿದ ಏಳು ಪ್ರದೇಶಗಳ ಪೈಕಿ ಹಲವೆಡೆ ಗುಂಡಿನ ದಾಳಿ ಇಳಿದಿತ್ತು, ಎಲ್ಲೆಡೆ ಅಲ್ಲ. ಅಕ್ಕಪಕ್ಕದ ಬಡಾವಣೆಗಳೊಂದಿಗೆ ಹೋಲಿಸಿ ಮಾಡಿದ ಲೆಕ್ಕ ಅದು. ಅಲ್ಲಿಯೇ ವಾದ ಹುಟ್ಟಿಕೊಂಡಿತು. ಅಕ್ಕಪಕ್ಕದ ಬಡಾವಣೆ ನಿಜವಾಗಿ ಅದರಂತೆಯೇ ಇತ್ತೇ? ಇಳಿಕೆ ಹೇಗೂ ಬರುತ್ತಿತ್ತೇನೋ? ಅತ್ತ 2007ರಲ್ಲಿ ರಾಜ್ಯದ ಹಣ ನಿಂತು ಹಲವು ತಾಣಗಳು ಮುಚ್ಚಿದವು, ಮತ್ತೆ ತೆರೆದವು, 2015ರ ಆಯವ್ಯಯ ಬಿಕ್ಕಟ್ಟಿನಲ್ಲಿ ಇನ್ನೊಮ್ಮೆ ಕುಸಿದವು. ಗಿಡ ನೆಟ್ಟು, ಕಿತ್ತು, ಬೇರು ಬಂತೇ ಎಂದು ನೋಡಿ ಮತ್ತೆ ನೆಟ್ಟರೆ ಯಾವ ಗಿಡ ತಾನೇ ಹಿಡಿದೀತು? ಇಂಥ ಕಾರ್ಯಕ್ರಮ ವಿಫಲವಾಯಿತು ಎಂದು ಬರೆಯುವ ಮೊದಲು, ಅದಕ್ಕೆ ಸತತವಾಗಿ ಎಷ್ಟು ತಿಂಗಳು ಸಂಬಳ ಹೋಗಿತ್ತು ಎಂದು ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಹೋಲಿಕೆಯ ಈ ವಾದವನ್ನು ಮುಗಿಸಬೇಕೆಂದೇ ಕ್ರೈಮ್ ಲ್ಯಾಬ್ ಚೀಟಿಯ ಹಾದಿ ಹಿಡಿಯಿತು. ಯೂತ್ ಗೈಡೆನ್ಸ್ ಎಂಬ ಹಳೆಯ ಸೇವಾಸಂಸ್ಥೆಯಲ್ಲಿ ಟೋನಿ ಡಿವಿಟೋರಿಯೋ 2001ರಲ್ಲಿ ಆರಂಭಿಸಿದ್ದ ‘ಬಿಕಮಿಂಗ್ ಎ ಮ್ಯಾನ್’, ಎಲ್ಲರ ಬಾಯಲ್ಲಿ ‘ಬ್ಯಾಮ್’, ಲ್ಯಾಬಿನ ಮೊದಲ ದೊಡ್ಡ ಪ್ರಯೋಗ. ಶಾಲೆಯ ಹೊತ್ತಿನಲ್ಲೇ ವಾರಕ್ಕೊಮ್ಮೆ ಹುಡುಗರು ವೃತ್ತಾಕಾರದಲ್ಲಿ ಕೂರುತ್ತಾರೆ. ಅಲ್ಲಿನ ಒಂದು ಆಟ ಈಗ ಹೆಸರುವಾಸಿ. ಇಬ್ಬರಿಬ್ಬರನ್ನು ಜೋಡಿ ಮಾಡಿ, ಒಬ್ಬನ ಮುಷ್ಟಿಯಲ್ಲಿ ಚೆಂಡು ಕೊಟ್ಟು, ಇನ್ನೊಬ್ಬನಿಗೆ ಅದನ್ನು ಪಡೆದುಕೋ ಎನ್ನುತ್ತಾರೆ. ಅರ್ಧ ನಿಮಿಷ ಕಾಲಾವಕಾಶ. ಹುಡುಗರು ಎಳೆದಾಡುತ್ತಾರೆ, ಹಿಚುಕುತ್ತಾರೆ, ನೆಲದ ಮೇಲೆ ಉರುಳುತ್ತಾರೆ. ಮುಗಿದ ಮೇಲೆ ಮೇಷ್ಟರು ಕೇಳುತ್ತಾರೆ: ಚೆಂಡು ಕೊಡು ಎಂದು ಯಾರಾದರೂ ಬಾಯಿಬಿಟ್ಟು ಕೇಳಿದಿರಾ? ಮುಷ್ಟಿ ಬಿಗಿದಿದ್ದವನು, ಕೇಳಿದ್ದರೆ ಕೊಟ್ಟುಬಿಡುತ್ತಿದ್ದೆನೇನೋ ಎನ್ನುತ್ತಾನೆ. ಕ್ಷಣ ತಡೆದು ಯೋಚಿಸುವ ಆ ಅಭ್ಯಾಸಕ್ಕೆ ಗುಂಡಿನ ಮುಂದೆ ಬೆಲೆಯಿದೆಯೇ ಎಂಬುದೇ ಪ್ರಶ್ನೆ. ಶಿಕಾಗೋದ ಕೊಲೆಗಳಲ್ಲಿ ಹೆಚ್ಚಿನವು ದರೋಡೆಯ ದುಡ್ಡಿಗಾಗಿ ಅಲ್ಲ, ಮಾತಿಗೆ ಮಾತು ಬೆಳೆದ ಜಗಳ, ಕೈಗೆ ಸಿಕ್ಕ ಬಂದೂಕು, ಹತ್ತು ನಿಮಿಷದ ಕೋಪದ ಫಲ ಎಂದು ಲುಡ್ವಿಗ್ ಅವರು ಬಹುಕಾಲದಿಂದ ವಾದಿಸುತ್ತ ಬಂದಿದ್ದಾರೆ.

2009–10ರ ಶಾಲಾವರ್ಷದಲ್ಲಿ ದಕ್ಷಿಣ, ಪಶ್ಚಿಮ ಬಡಾವಣೆಗಳ 18 ಸರ್ಕಾರಿ ಶಾಲೆಗಳ 2,740 ಹುಡುಗರ ಹೆಸರು ಪಟ್ಟಿಗೆ ಬಂತು. ಎಲ್ಲರಿಗೂ ಜಾಗವಿಲ್ಲ. ಹಾಗಾಗಿ ಚೀಟಿ. ಊರಿನಲ್ಲಿ ಚೀಟಿ ಎತ್ತುವಾಗ ಅರಿಯದ ಮಗುವಿನ ಕೈಯಲ್ಲಿ ಎತ್ತಿಸುತ್ತೇವಲ್ಲ, ಇಲ್ಲಿ ಆ ಮಗುವಿನ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಯಾರ ಮುಖ ನೋಡಿಯೂ ಎತ್ತದ ಕಾರಣ ಸಿಕ್ಕವರೂ ಸಿಗದವರೂ ಒಟ್ಟಾರೆ ಒಂದೇ ಬಗೆಯವರಾಗಿರುತ್ತಾರೆ. ಮುಂದೆ ಕಂಡ ವ್ಯತ್ಯಾಸ ಕಾರ್ಯಕ್ರಮದ್ದೇ ಎಂದು ಧೈರ್ಯವಾಗಿ ಹೇಳಬಹುದು. ಹೇಳುವುದು ಸುಲಭ. ಶಾಲೆಯ ಬಾಗಿಲಲ್ಲಿ ಅದನ್ನು ಉಳಿಸಿಕೊಳ್ಳುವುದು ಬೇರೆಯೇ ಕೆಲಸ. ಇವನಿಗೆ ಬಹಳ ಅಗತ್ಯವಿದೆ, ಇವನ ಹೆಸರು ಹೇಗಾದರೂ ಸೇರಿಸಿ ಎಂದು ಮೇಷ್ಟರು ಕೇಳುತ್ತಾರೆ. ಅವರ ಮಾತು ನಿಜವಿರುತ್ತದೆ. ಸೇರಿಸಿದರೆ ಪ್ರಯೋಗ ಕೆಡುತ್ತದೆ. ಸೇರಿಸದಿದ್ದರೆ ಮನಸ್ಸು ಕೆಡುತ್ತದೆ. ಒಬ್ಬನನ್ನು ಸೇರಿಸುವ ದಾಕ್ಷಿಣ್ಯಕ್ಕೆ ಬಿದ್ದರೆ ನಾಳೆ ಸಾವಿರ ಹುಡುಗರಿಗೆ ಸಿಗಬಹುದಾದ ಕಾರ್ಯಕ್ರಮಕ್ಕೆ ಪುರಾವೆಯೇ ಇಲ್ಲದಂತಾಗುತ್ತದೆ ಎಂದು ನಾವು ನಮಗೇ ಹೇಳಿಕೊಳ್ಳುತ್ತೇವೆ. ಆ ಮಾತೂ ನಿಜವೇ. ಆದರೂ ಎದುರಿಗೆ ನಿಂತ ಮೇಷ್ಟರಿಗೆ ಇಲ್ಲವೆಂದ ದಿನ ಊಟ ಸೇರುವುದಿಲ್ಲ.

ಚೀಟಿ ಬಂದ ಹುಡುಗರಲ್ಲೂ ಸುಮಾರು ಅರ್ಧದಷ್ಟು ಮಾತ್ರ ಬ್ಯಾಮ್‌ಗೆ ಬಂದರು. ಬಂದವರು ಸರಾಸರಿ ಹದಿಮೂರು ತರಗತಿ ಕೂತರು. ಅಷ್ಟಕ್ಕೇ ಕಾರ್ಯಕ್ರಮ ನಡೆದ ಕಾಲದಲ್ಲಿ ಹಿಂಸಾ ಪ್ರಕರಣಗಳ ಬಂಧನ ಸುಮಾರು ಅರ್ಧದಷ್ಟು ಇಳಿಯಿತು. 2013ರಿಂದ 15ರವರೆಗಿನ ಎರಡನೆಯ ಪ್ರಯೋಗದಲ್ಲೂ ಫಲ ಅದೇ ದಿಕ್ಕಿನಲ್ಲಿತ್ತು. ಕುಕ್ ಕೌಂಟಿಯ ಬಾಲಾಪರಾಧಿಗಳ ಬಂಧನ ಗೃಹದಲ್ಲಿ ನಡೆದ ಮೂರನೆಯದರಲ್ಲಿ ಮತ್ತೆ ಒಳಗೆ ಬರುವವರು 21% ಕಡಿಮೆಯಾದರು. ಮೊದಲ ಗುಂಪಿನಲ್ಲಿ ಹೈಸ್ಕೂಲು ಮುಗಿಸಿದವರ ಪ್ರಮಾಣ 12ರಿಂದ 19% ಹೆಚ್ಚಿತು. ಆದರೆ ಬಂಧನಗಳ ಇಳಿಕೆ ಕಾರ್ಯಕ್ರಮ ನಿಂತ ಮೇಲೆ ಉಳಿಯಲಿಲ್ಲ. ಇದನ್ನೂ ಅವರು ಅಚ್ಚಿನಲ್ಲಿ ಹೇಳಿದರು. ಮೂರೂ ಪ್ರಯೋಗ ಸೇರಿದ ಪ್ರಬಂಧ 2017ರಲ್ಲಿ ಪ್ರಕಟವಾಯಿತು. ಅದರ ಲೇಖಕರಲ್ಲಿ ಸಾರಾ ಹೆಲ್ಲರ್, ಅನುಜ್ ಶಾ, ಜೊನಾಥನ್ ಗುರ್ಯನ್, ಸೆಂಧಿಲ್ ಮುಲ್ಲೈನಾಥನ್ ಇದ್ದಾರೆ. ಅಷ್ಟರಲ್ಲಿ, 2013ರ ಫೆಬ್ರವರಿಯಲ್ಲಿ, ಅಧ್ಯಕ್ಷ ಬರಾಕ್ ಒಬಾಮ ಅವರು ಹೈಡ್ ಪಾರ್ಕ್ ಅಕಾಡೆಮಿಯಲ್ಲಿ ಈ ಹುಡುಗರ ವೃತ್ತದಲ್ಲಿ ಬಂದು ಕೂತು ಹೋಗಿದ್ದರು. ಆ ಭೇಟಿಯ ಚಿತ್ರಗಳು ಎಲ್ಲ ಪತ್ರಿಕೆಗಳಲ್ಲೂ ಬಂದವು.

ಬೇಸಿಗೆ ಕೆಲಸದ ಪ್ರಯೋಗವನ್ನು ಚುಟುಕಾಗಿ ಹೇಳುತ್ತೇನೆ. 2012ರ ಬೇಸಿಗೆಯಲ್ಲಿ 13 ಹೈಸ್ಕೂಲುಗಳ 1,634 ಮಕ್ಕಳ ಹೆಸರಿನಲ್ಲಿ ಚೀಟಿ ಎತ್ತಿ, ಬಂದವರಿಗೆ ಎಂಟು ವಾರ ಸಂಬಳದ ಕೆಲಸ, ಜೊತೆಗೊಬ್ಬ ಹಿರಿಯ ಮಾರ್ಗದರ್ಶಿ. ಹದಿನಾರು ತಿಂಗಳಲ್ಲಿ ಹಿಂಸಾ ಪ್ರಕರಣಗಳ ಬಂಧನ 43% ಇಳಿದಿತ್ತು. ಹೆಲ್ಲರ್ ಅವರು ಅದನ್ನು 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಳಿಕೆಯ ಹೆಚ್ಚಿನ ಭಾಗ ಬಂದದ್ದು ಬೇಸಿಗೆ ಕೆಲಸ ಮುಗಿದ ಮೇಲೆ ಎಂಬುದು ಅದರಲ್ಲಿನ ವಿಶೇಷ.

ಆಮೇಲೆ 2016 ಬಂತು. ಅದರ ಹಿಂದಿನ ವರ್ಷ 500ರೊಳಗಿದ್ದ ಶಿಕಾಗೋದ ಕೊಲೆಗಳು ಒಂದೇ ವರ್ಷದಲ್ಲಿ 58% ಏರಿ 750ನ್ನು ದಾಟಿದವು. ನೇಪರ್‌ವಿಲ್, ಶಾಂಬರ್ಗ್ ಕಡೆಯ ನಮ್ಮ ಮನೆಗಳಿಗೆ ಆ ವರ್ಷ ಊರಿನಿಂದ ಬಂದ ಫೋನುಗಳೆಲ್ಲ ನೀವು ಕ್ಷೇಮವೇ ಎಂದು ಕೇಳುವವೇ. ನಾವು ಕ್ಷೇಮವಾಗಿದ್ದೆವು. ನಮ್ಮಿಂದ ಮುಕ್ಕಾಲು ಗಂಟೆಯ ಹಾದಿಯಲ್ಲಿದ್ದವರು ಆಗಿರಲಿಲ್ಲ. ಶಾಲೆಯ ಹುಡುಗರಿಗಿಂತ ದೊಡ್ಡವರು, ಗುಂಡು ಹಾರಿಸುವ, ಗುಂಡು ತಿನ್ನುವ ಸಾಧ್ಯತೆ ಎಲ್ಲರಿಗಿಂತ ಹೆಚ್ಚಿರುವ ಗಂಡಸರನ್ನು ತಲುಪುವ ಪ್ರಯತ್ನ 2017ರಲ್ಲಿ ಶುರುವಾಯಿತು. ಹೆಸರು ‘ರೆಡಿ ಶಿಕಾಗೋ’. ನಡೆಸಿದ್ದು ಹಾರ್ಟ್‌ಲ್ಯಾಂಡ್ ಅಲಯನ್ಸ್ ಮತ್ತು ಬಡಾವಣೆಗಳ ಸಂಸ್ಥೆಗಳು, ಪರೀಕ್ಷೆಗೆ ಒಡ್ಡಿದ್ದು ಕ್ರೈಮ್ ಲ್ಯಾಬ್. ಅದರ ಮುಂದಾಳು ಎಡ್ಡೀ ಬೊಕನೆಗ್ರಾ, ಹಿಂದೆ ಸೀಸ್‌ಫೈರ್‌ನಲ್ಲಿ ಇಂಟರಪ್ಟರ್ ಆಗಿದ್ದವರು, ಆ ಸಾಕ್ಷ್ಯಚಿತ್ರದಲ್ಲೂ ಕಾಣಿಸುವವರು. ಎರಡು ವಿಶ್ವವಿದ್ಯಾನಿಲಯಗಳ ಎರಡು ದಾರಿ ಕೂಡಿದ್ದು ಹೀಗೆ, ಒಬ್ಬ ಮನುಷ್ಯನ ಬದುಕಿನೊಳಗೆ.

ಹದಿನೆಂಟು ತಿಂಗಳ ಸಂಬಳದ ಕೆಲಸ, ಅದರ ಜೊತೆ ಯೋಚನೆಯ ದಾರಿ ತಿದ್ದುವ ಸಿಬಿಟಿ ತರಗತಿ. ಹೆಸರುಗಳು ಮೂರು ಕಡೆಯಿಂದ ಬಂದವು. ಪೊಲೀಸ್ ದಾಖಲೆಗಳ ಆಧಾರದಲ್ಲಿ ಕಂಪ್ಯೂಟರ್ ಲೆಕ್ಕ ಹಾಕಿ ಕೊಟ್ಟವು, ಜೈಲಿನಿಂದ ಹೊರಬರುವವರವು, ಬೀದಿ ಕಾರ್ಯಕರ್ತರು ತಾವೇ ಬಲ್ಲವರನ್ನು ಗುರುತಿಸಿ ಕೊಟ್ಟವು. ಒಟ್ಟು 2,456 ಮಂದಿ. ಅವರಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಜನ ಆಗಲೇ ಒಮ್ಮೆಯಾದರೂ ಗುಂಡೇಟು ತಿಂದವರು. ಇಲ್ಲೂ ಚೀಟಿ. ಶಾಲೆಯ ಚೀಟಿಯೇ ಅಷ್ಟು ಭಾರವಾಗಿದ್ದರೆ ಈ ಚೀಟಿಯನ್ನು ಊಹಿಸಿಕೊಳ್ಳಿ. ತನ್ನ ಬೀದಿಯ ಹುಡುಗನೊಬ್ಬನಿಗೆ ಕಾರ್ಯಕರ್ತ ತಿಂಗಳುಗಟ್ಟಲೆ ಬೆನ್ನು ಬಿದ್ದು ಒಪ್ಪಿಸಿ, ಹೆಸರು ಕೊಡುತ್ತಾನೆ. ಉತ್ತರ ಬರುತ್ತದೆ: ಇವನಿಗೆ ಚೀಟಿ ಬರಲಿಲ್ಲ. ಆ ಉತ್ತರವನ್ನು ಹುಡುಗನಿಗೆ ಮುಟ್ಟಿಸಬೇಕಾದವನೂ ಅದೇ ಕಾರ್ಯಕರ್ತ. ಕಂಪ್ಯೂಟರ್ ಕೊಟ್ಟ ಹೆಸರುಗಳ ಕಷ್ಟ ಇನ್ನೊಂದು ಬಗೆ. ಕೈಯಲ್ಲಿ ಹೆಸರು, ಹಳೆಯ ವಿಳಾಸ, ಅಷ್ಟೇ. ಗುರುತಿಲ್ಲದವರು ನಿನ್ನನ್ನು ಹುಡುಕುತ್ತಿದ್ದಾರೆ ಎಂಬ ಸುದ್ದಿಯೇ ಆ ಬೀದಿಗಳಲ್ಲಿ ಭಯದ ಸುದ್ದಿ. ಅಜ್ಜಿಯ ಮನೆ, ಅತ್ತಿಗೆಯ ಮನೆ, ಕ್ಷೌರದಂಗಡಿ ಎಲ್ಲ ಸುತ್ತಿ, ಹುಡುಕಿ, ಮೊದಲು ನಂಬಿಸಿ, ಆಮೇಲೆ ಕರೆಯಬೇಕು. ಹೀಗಿದ್ದೂ ಚೀಟಿ ಬಂದವರಲ್ಲಿ 55% ಜನ ಕಾರ್ಯಕ್ರಮಕ್ಕೆ ಬಂದು ಸೇರಿದರು. ಈ ಚರಿತ್ರೆಯ ಅಂಕಿಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅದು. ಯಾರೂ ತಲುಪಲಾರದವರು ಎಂದು ಊರೇ ಕೈಬಿಟ್ಟವರಲ್ಲಿ ಅರ್ಧಕ್ಕೂ ಹೆಚ್ಚು ಜನ ಕರೆದರೆ ಬಂದರು.

ಇಂಥ ಯೋಜನೆಯಲ್ಲಿ ಮಾಹಿತಿಯನ್ನು ಕಾಯುವುದೇ ಒಂದು ವ್ರತ. ಐಆರ್‌ಬಿ ಎಂಬ ನೈತಿಕ ಪರಿಶೀಲನಾ ಸಮಿತಿಯ ಮುಂದೆ ಒಂದೊಂದು ಪ್ರಶ್ನೆಯನ್ನೂ ಸಮರ್ಥಿಸಬೇಕು. ನೀನು ಬಂದೂಕು ಇಟ್ಟುಕೊಂಡಿದ್ದೀಯಾ ಎಂದು ಜೈಲು ಕಂಡವನನ್ನು ಕೇಳಿದರೆ ಅವನ ಉತ್ತರವೇ ಅಪರಾಧದ ಒಪ್ಪಿಗೆಯಾದೀತು. ಆರೋಗ್ಯ ಸಂಶೋಧನೆಯಲ್ಲಿ ಇದಕ್ಕೆಂದೇ ಗೌಪ್ಯತಾ ಪ್ರಮಾಣಪತ್ರವಿದೆ. ಅದಿದ್ದರೆ ನ್ಯಾಯಾಲಯದ ಆದೇಶ ಬಂದರೂ ಸಂಶೋಧಕರು ಹೆಸರು ಕೊಡಬೇಕಾಗಿಲ್ಲ. ಪೊಲೀಸ್ ಇಲಾಖೆ, ಶಾಲೆಗಳು, ಜೈಲು, ಪ್ರತಿಯೊಂದರ ಜೊತೆಗೂ ದತ್ತಾಂಶದ ಬೇರೆ ಬೇರೆ ಒಪ್ಪಂದ. ವಕೀಲರ ಮೇಜುಗಳ ನಡುವೆ ಅವು ತಿಂಗಳುಗಟ್ಟಲೆ ಓಡಾಡುತ್ತವೆ. ಹೆಸರಿರುವ ಕಡತ ಒಂದು ಕಡೆ, ಉತ್ತರಗಳಿರುವ ಕಡತ ಇನ್ನೊಂದು ಕಡೆ, ಎರಡನ್ನೂ ಜೋಡಿಸುವ ಸಂಖ್ಯೆ ಮೂರನೆಯ ಕಡೆ. ಹೊಸ ಸಹಾಯಕರಿಗೆ ನಾನು ಮೊದಲ ದಿನ ಹೇಳುತ್ತಿದ್ದದ್ದು ಒಂದೇ: ಈ ಮೂರೂ ಒಂದೇ ಮೇಜಿನ ಮೇಲೆ ಎಂದೂ ಸೇರಕೂಡದು.

ರೆಡಿಯ ಫಲಿತಾಂಶ ಮೋನಿಕಾ ಭಟ್, ಹೆಲ್ಲರ್, ಮ್ಯಾಕ್ಸ್ ಕಪುಸ್ಟಿನ್, ಮರಿಯಾನ್ ಬರ್ಟ್ರಾಂಡ್, ಕ್ರಿಸ್ಟಫರ್ ಬ್ಲಾಟ್‌ಮನ್ ಅವರ ಹೆಸರಿನಲ್ಲಿ 2024ರಲ್ಲಿ ಪತ್ರಿಕೆ ಸೇರಿತು. ಗಂಭೀರ ಹಿಂಸೆಯ ಮೂರು ಅಳತೆಗಳನ್ನು ಸೇರಿಸಿದ ಒಂದು ಸೂಚ್ಯಂಕವೇ ತಮ್ಮ ಮುಖ್ಯ ಪರೀಕ್ಷೆ ಎಂದು ಅವರು ಮೊದಲೇ ಬರೆದಿಟ್ಟಿದ್ದರು. ಇಪ್ಪತ್ತು ತಿಂಗಳ ನಂತರ ಆ ಸೂಚ್ಯಂಕದಲ್ಲಿ ಖಚಿತವೆನ್ನಬಹುದಾದ ಬದಲಾವಣೆ ಕಾಣಲಿಲ್ಲ. ಮೂರರಲ್ಲಿ ಒಂದಾದ ಗುಂಡಿನ ದಾಳಿ, ಕೊಲೆಗಳ ಬಂಧನ 65% ಇಳಿದಿತ್ತು. ಆದರೆ ಅದು ಕಾಕತಾಳೀಯವಲ್ಲ ಎನ್ನುವಷ್ಟು ಬಲ ಆ ಅಂಕಿಗಿರಲಿಲ್ಲ. ಪ್ರಬಂಧದ ಸಾರಾಂಶದಲ್ಲೇ, ಮುಚ್ಚಿಡದೆ, ಮುಖ್ಯ ಪರೀಕ್ಷೆಯ ಸೋಲನ್ನು ಮೊದಲು ಹೇಳಿ ಆಮೇಲೆ ಉಳಿದದ್ದನ್ನು ಹೇಳಿದ್ದಾರೆ. ಹಣ ಕೊಟ್ಟವರು ಒಳ್ಳೆಯ ಸುದ್ದಿಗೆ ಕಾಯುತ್ತಿರುವಾಗ ಹೀಗೆ ಬರೆಯುವುದು ಎಷ್ಟು ಕಷ್ಟ ಎಂದು ಬಲ್ಲೆ. ಒಂದು ಸಂಸ್ಥೆಗೆ ಹದಿನಾರು ವರ್ಷದಲ್ಲಿ ಬೆನ್ನೆಲುಬು ಬೆಳೆದಿದೆ ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಉಳಿದದ್ದು ಏನೆಂದರೆ, ಬೀದಿ ಕಾರ್ಯಕರ್ತರು ಹೆಸರು ಕೊಟ್ಟವರನ್ನೇ ಬೇರೆಯಾಗಿ ನೋಡಿದಾಗ ಗುಂಡಿನ ದಾಳಿ ಮತ್ತು ಕೊಲೆಗಾಗಿ ಬಂಧನ 79%, ಅವುಗಳಿಗೆ ಬಲಿಯಾಗುವುದು 43% ಇಳಿದಿತ್ತು. ಈ ಗುಂಪನ್ನು ಬೇರೆಯಾಗಿ ನೋಡುತ್ತೇವೆಂದು ಅವರು ಮೊದಲೇ ಬರೆದಿಟ್ಟಿದ್ದರು. ಬಿಗಿಯಾದ ಲೆಕ್ಕದಲ್ಲೂ ಆ ಅಂಕಿಗಳು ನಿಂತವು. ಕಂಪ್ಯೂಟರ್ ಅಪಾಯವನ್ನು ಅಳೆಯಬಲ್ಲದು. ಇವನು ಬದಲಾಗಲು ಈಗ ಸಿದ್ಧನಿದ್ದಾನೆ ಎಂಬುದನ್ನು ಕ್ಷೌರದಂಗಡಿಯಲ್ಲಿ ಅವನ ಪಕ್ಕ ಕೂತವನು ಬಲ್ಲ.

ನಡುವೆ ಹಣದ ಮಳೆಗಾಲವೂ ಬಂದಿತ್ತು. 2022ರ ಜೂನಿನಲ್ಲಿ ಸಂಸತ್ತು ಮಾಡಿದ ಕಾನೂನು ಬೀದಿಮಟ್ಟದ ಹಿಂಸೆ ತಡೆಗೆ ಐದು ವರ್ಷಕ್ಕೆ 25 ಕೋಟಿ ಡಾಲರ್ ಎತ್ತಿಟ್ಟಿತು. 2025ರ ಏಪ್ರಿಲಿನಲ್ಲಿ ಕೇಂದ್ರ ನ್ಯಾಯ ಇಲಾಖೆ ನೂರಾರು ಅನುದಾನಗಳನ್ನು ಅರ್ಧದಲ್ಲೇ ರದ್ದು ಮಾಡಿತು. ಈ ಕ್ಷೇತ್ರದವೂ ಅದರಲ್ಲಿ ಸೇರಿದ್ದವು. ಅನುದಾನ ಅರ್ಧಕ್ಕೆ ನಿಂತಾಗ ಮೊದಲು ಹೋಗುವುದು ಕ್ಷೇತ್ರದ ಸಿಬ್ಬಂದಿ. ಅವರ ಜೊತೆ ಅವರ ಫೋನಿನಲ್ಲಿದ್ದ ನಂಬರುಗಳೂ, ಆ ನಂಬರುಗಳ ಹಿಂದಿನ ನಂಬಿಕೆಯೂ ಹೋಗುತ್ತವೆ. ಮುಂದೆ ಹಣ ಬಂದರೂ ಅವು ಅದರ ಜೊತೆ ಬರುವುದಿಲ್ಲ.

ಆದರೆ ಒಮ್ಮೆ ಎತ್ತಿದ ಚೀಟಿಯ ಲೆಕ್ಕವನ್ನು ನಡುವೆ ಕೈಬಿಡುವಂತಿಲ್ಲ. ರೆಡಿಯಲ್ಲಿ ಚೀಟಿ ಸಿಗದವರ ಪಟ್ಟಿಯಲ್ಲಿ, ಪ್ರತಿ ನೂರು ಜನಕ್ಕೆ ಇಪ್ಪತ್ತು ತಿಂಗಳಲ್ಲಿ 11 ಸಲ ಗುಂಡೇಟು ಅಥವಾ ಕೊಲೆ ಎಂಬ ಸಂಖ್ಯೆ ಆ ಪ್ರಬಂಧದಲ್ಲಿದೆ. ಓದುವವರಿಗೆ ಅದು ಒಂದು ಸಾಲು. ಆ ಸಾಲು ತಯಾರಾಗುವುದು ಪಟ್ಟಿಯ ಹೆಸರು, ಹುಟ್ಟಿದ ದಿನಾಂಕಗಳನ್ನು ಪೊಲೀಸ್ ದಾಖಲೆಯ ಹೆಸರು, ದಿನಾಂಕಗಳ ಪಕ್ಕ ಇಟ್ಟು ತಾಳೆ ನೋಡಿದಾಗ. ಹೆಚ್ಚಿನವನ್ನು ಕಂಪ್ಯೂಟರೇ ಹೊಂದಿಸುತ್ತದೆ. ಕೆಲವು ಹೊಂದುವುದಿಲ್ಲ: ಒಂದು ಅಕ್ಷರ ಆಚೀಚೆ, ತಂದೆಯ ಹೆಸರೂ ಮಗನದೂ ಒಂದೇ, ಹುಟ್ಟಿದ ತಿಂಗಳು ತಪ್ಪು. ಅಂಥವನ್ನು ಒಬ್ಬರು ಕೂತು, ಒಂದೊಂದಾಗಿ ತೆರೆದು, ಇದು ಅವನೇ ಹೌದೇ ಅಲ್ಲವೇ ಎಂದು ನಿರ್ಧರಿಸಬೇಕು. ನಾನಿದ್ದ ಕಡೆಯ ಯೋಜನೆಯಲ್ಲಿ ಆ ಕೆಲಸ ಶುಕ್ರವಾರ ಮಧ್ಯಾಹ್ನದ್ದಾಗಿತ್ತು. ಬಾಗಿಲು ಹಾಕಿಕೊಂಡು, ಎರಡು ಪಟ್ಟಿಗಳನ್ನು ಅಕ್ಕಪಕ್ಕ ಹರಡಿ, ಸ್ಕೇಲು ಇಟ್ಟು ಸಾಲು ಸಾಲಾಗಿ ಇಳಿಯುತ್ತಿದ್ದೆ. ಹೊಂದಿದ ಸಾಲಿನ ಮುಂದೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಅವನ ಹುಟ್ಟಿದ ದಿನಾಂಕವನ್ನು ಇನ್ನೊಮ್ಮೆ ಓದಿ, ಕೆಳಗಿನ ಸಾಲಿಗೆ ಸ್ಕೇಲನ್ನು ಸರಿಸುತ್ತಿದ್ದೆ.